ಎರಡು ವರ್ಷದಿಂದ ಕಾಲ್‌ಶೀಟ್ ಬರೆಯುತ್ತಿದ್ದೇನೆ, ನಿರ್ದೇಶನದ ಕಡೆಗೆ ಹೋಗುವುದು ಹೇಗೆ?

ಕಾಲ್‌ಶೀಟ್ ಕೂಸು:

ಜಾಹೀರಾತು ಚಿತ್ರಗಳನ್ನು ತಯಾರಿಸುವ ಸಂಸ್ಥೆಯೊಂದರಲ್ಲಿ ಎರಡು ವರ್ಷದಿಂದ ನಿರ್ಮಾಣ ಸಹಾಯಕಿಯಾಗಿದ್ದೇನೆ. ಇಲ್ಲಿಯವರೆಗೆ 31 ಚಿತ್ರೀಕರಣಗಳಿಗೆ ಕಾಲ್‌ಶೀಟ್, ಅಂದರೆ ಆ ದಿನದ ಕೆಲಸದ ವೇಳಾಪಟ್ಟಿ, ಬರೆದಿದ್ದೇನೆ. ಯಾರು ಎಷ್ಟು ಗಂಟೆಗೆ ಬರಬೇಕು, ಜನರೇಟರ್ ಎಲ್ಲಿ ನಿಲ್ಲಬೇಕು, ಮಳೆ ಬಂದರೆ ಯಾವ ದೃಶ್ಯ ಮೊದಲು, ಹತ್ತಿರದ ಆಸ್ಪತ್ರೆ ಯಾವುದು, ಇದೆಲ್ಲ ನನಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಆ ದೃಶ್ಯ ಏಕೆ ಹಾಗಿದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಹೋದ ತಿಂಗಳು ಒಂದು ಚಿತ್ರದ ಮುಕ್ತಾಯ ನನಗೆ ಸಪ್ಪೆ ಎನಿಸಿತು. ರಾತ್ರಿ ಕುಳಿತು ಆರು ಚೌಕಗಳಲ್ಲಿ ಬೇರೊಂದು ಮುಕ್ತಾಯ ಬಿಡಿಸಿ ನಿರ್ದೇಶಕರಿಗೆ ಕೊಟ್ಟೆ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ‘ಚೆನ್ನಾಗಿದೆ’ ಎಂದರು. ಮುಂದೆ ಮಾತಿಲ್ಲ. ಚಿತ್ರೀಕರಣದ ದಿನ ನೋಡಿದರೆ ಮುಕ್ತಾಯ ಹಳೆಯದೂ ಅಲ್ಲ, ಪೂರ್ತಿ ನನ್ನದೂ ಅಲ್ಲ. ನನ್ನದು ಬಳಕೆಯಾಯಿತೋ, ಕಸದ ಬುಟ್ಟಿ ಸೇರಿತೋ ಎಂಬುದೇ ತಿಳಿಯಲಿಲ್ಲ. ಬೈದಿದ್ದರೂ ಇಷ್ಟು ಬೇಸರವಾಗುತ್ತಿರಲಿಲ್ಲ.

ಇಲ್ಲೇ ಇರಬೇಕೆ? ಅಥವಾ ಉಳಿತಾಯದ ಹಣವನ್ನೆಲ್ಲ ಸುರಿದು, ಯಾರೂ ಕೇಳದಿದ್ದರೂ ನಾನೇ ಒಂದು ಮಾದರಿ ಜಾಹೀರಾತು ತಯಾರಿಸಿ, ನನ್ನ ಕೆಲಸ ತೋರಿಸುವ ವಿಡಿಯೊ ಸಂಗ್ರಹಕ್ಕೆ, ಅಂದರೆ ಶೋರೀಲ್‌ಗೆ, ಸೇರಿಸಿಕೊಳ್ಳಬೇಕೆ? ಹೊಸಬರನ್ನು ಬೆಳೆಸುತ್ತೇವೆ ಎಂದು ಎಲ್ಲ ಸಂಸ್ಥೆಗಳೂ ಹೇಳುತ್ತವೆ. ನಿಜವಾಗಿ ಬೆಳೆದವರು ಯಾರಾದರೂ ಇದ್ದರೆ ಹೇಗೆ ಬೆಳೆದಿರಿ ಎಂದು ತಿಳಿಸಿ.

ಮೂರನೆಯ ಟೇಕ್:

ನಾನು ಈಗ ಚಿತ್ರೀಕರಣದ ಖರ್ಚು, ವ್ಯವಸ್ಥೆ ನೋಡಿಕೊಳ್ಳುವ ಲೈನ್ ಪ್ರೊಡ್ಯೂಸರ್. ಶುರುವಾದದ್ದು ನೀವಿರುವ ಜಾಗದಿಂದಲೇ. ಆಗ ಕಾಲ್‌ಶೀಟನ್ನು ಜೆರಾಕ್ಸ್ ಮಾಡಿಸಿ ಕೈಯಿಂದ ಕೈಗೆ ಹಂಚುತ್ತಿದ್ದೆವು, ಅಷ್ಟೇ ವ್ಯತ್ಯಾಸ.

ನನ್ನ ಕಥೆ ಒಂದು ಬಾಟಲಿಯದು. ಪ್ಯಾಕ್‌ಶಾಟ್ ಎಂಬ ಬಡಪಾಯಿ ನಿಮಗೆ ಗೊತ್ತೇ ಇದೆ. ಜಾಹೀರಾತಿನ ಕೊನೆಯಲ್ಲಿ ಉತ್ಪನ್ನ ಒಂದೇ ನಿಂತಿರುವ ಆ ಎರಡು ಸೆಕೆಂಡು. ಹಣ ಕೊಡುವವರಿಗೆ ಅದೇ ಮುಖ್ಯ, ಚಿತ್ರೀಕರಣದಲ್ಲಿ ಅದೇ ಕೊನೆಗೆ. ನಟರು ಹೋಗಿರುತ್ತಾರೆ, ನಿರ್ದೇಶಕರ ಗಮನ ಖರ್ಚಾಗಿರುತ್ತದೆ, ರಾತ್ರಿ ಹನ್ನೊಂದಾಗಿರುತ್ತದೆ. ಅಂಥ ಒಂದು ರಾತ್ರಿ ನಮ್ಮ ನಿರ್ದೇಶಕರು ಕುರ್ಚಿಯಿಂದ ಏಳುತ್ತ, ‘ನೀನು ಬೆಳಕು ಹೊಂದಿಸಿಡು, ಅರ್ಧ ಗಂಟೆಯಲ್ಲಿ ಬರುತ್ತೇನೆ’ ಎಂದರು. ನನಗೋ, ಬೇರೆ ಯಾರಿಗೋ ಎಂದು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಗಾಜಿನ ಸುಗಂಧದ ಬಾಟಲಿ. ಎರಡು ಡಜನ್ ಬಂದಿದ್ದವು. ಅವುಗಳಲ್ಲಿ ಲೇಬಲ್ ಸೊಟ್ಟಗಿಲ್ಲದ, ಗುಳ್ಳೆಯಿಲ್ಲದ ಒಂದನ್ನು ಆರಿಸಿ ‘ಹೀರೋ’ ಎಂದು ಕರೆಯುತ್ತಾರೆ. ಅದನ್ನು ಬರಿಗೈಯಲ್ಲಿ ಮುಟ್ಟಿದರೆ ಬೆರಳಚ್ಚು ಬೀಳುತ್ತದೆ, ಬೈಗುಳ ಬೀಳುತ್ತದೆ. ನಾನು ಕೈಗವಸು ಹಾಕಿಕೊಂಡು ಮುಂದಿನಿಂದ ಒಂದು ದೊಡ್ಡ ದೀಪ ಹಾಕಿದೆ. ಗಾಜಿನಲ್ಲಿ ದೀಪ, ಸ್ಟ್ಯಾಂಡ್, ನನ್ನ ಮುಖ ಎಲ್ಲವೂ ಕಂಡವು. ಬಾಟಲಿಯ ಒಳಗಿನದು ಮಾತ್ರ ಕಾಣಲಿಲ್ಲ. ದೀಪವನ್ನು ಹಿಂದಕ್ಕೆ ಒಯ್ದೆ. ಈಗ ಒಳಗಿನ ದ್ರವ ಹೊಳೆಯಿತು, ಲೇಬಲ್ ಕಪ್ಪಾಯಿತು.

ಹೇಳಿದ ಹೊತ್ತಿಗೇ ಅವರು ಬಂದರು. ಮಾನಿಟರ್ ನೋಡಿದರು. ದೀಪ ಮುಟ್ಟಲಿಲ್ಲ. ‘ಇದು ಎರಡು ಸೆಕೆಂಡು, ಅಂದರೆ 50 ಫ್ರೇಮ್. ನೋಡುವವನ ಕಣ್ಣು ಮೊದಲ ಹತ್ತು ಫ್ರೇಮಿನಲ್ಲಿ ಎಲ್ಲಿಗೆ ಹೋಗಬೇಕು?’ ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ‘ಗೊತ್ತಾದ ಮೇಲೆ ಕರೆ’ ಎಂದು ಹೊರಟುಹೋದರು. ಆ ಪ್ರಶ್ನೆ ನನಗೆ ಹೊಳೆದಿರಲೇ ಇಲ್ಲ. ನಾನು ಬಾಟಲಿ ಕಾಣಬೇಕು ಎಂದಷ್ಟೇ ಯೋಚಿಸಿದ್ದೆ. ಕಣ್ಣಿಗೆ ಒಂದು ದಾರಿ ಇರುತ್ತದೆ, ಆ ದಾರಿಯನ್ನು ಯಾರೋ ಹಾಕಬೇಕು ಎಂಬುದು ಅಂದು ತಿಳಿಯಿತು. ಲೈಟ್ ವಿಭಾಗದ ಹಿರಿಯರೊಬ್ಬರು ಕನಿಕರದಿಂದ ಒಂದು ಉಪಾಯ ತೋರಿಸಿದರು: ಬೆಳ್ಳಿ ಬಣ್ಣದ ರಟ್ಟನ್ನು ಬಾಟಲಿಯ ಆಕಾರಕ್ಕೆ, ಅದಕ್ಕಿಂತ ಸ್ವಲ್ಪ ಚಿಕ್ಕದಾಗಿ ಕತ್ತರಿಸಿ, ಕ್ಯಾಮೆರಾಕ್ಕೆ ಕಾಣದಂತೆ ಹಿಂದೆ ಓರೆಯಾಗಿ ನಿಲ್ಲಿಸುವುದು. ಬೆಳಕು ರಟ್ಟಿಗೆ ಬಡಿದು ದ್ರವದ ಮೂಲಕ ಮುಂದಕ್ಕೆ ಬರುತ್ತದೆ. ಲೇಬಲ್ಲಿಗೆ ಪಕ್ಕದಿಂದ ಒಂದು ಚಿಕ್ಕ ಬಿಳಿ ಹಲಗೆ. ಮೇಲೆ ಗ್ಲಿಸರಿನ್ ಬೆರೆಸಿದ ನೀರಿನ ಹನಿಗಳು, ಜಾರದೆ ನಿಲ್ಲುವಂಥವು. ಕಣ್ಣು ಹನಿಯಿಂದ ಹೊರಟು ದ್ರವಕ್ಕೆ, ಅಲ್ಲಿಂದ ಹೆಸರಿಗೆ. ಮೂರನೆಯ ಟೇಕ್ ಒಪ್ಪಿಗೆಯಾಯಿತು. ನನ್ನ ಅಡ್ಡಹೆಸರೂ ಅಲ್ಲಿಂದ ಬಂದದ್ದು.

ಆ ರಾತ್ರಿ ನನಗೆ ದೀಪ ಕೊಟ್ಟದ್ದು ದೊಡ್ಡದಲ್ಲ. ದಣಿದಾಗ ಯಾರು ಬೇಕಾದರೂ ಕೆಲಸ ದಾಟಿಸುತ್ತಾರೆ. ಅವರು ವಾಪಸ್ಸು ಬಂದು ನೋಡಿದರು, ತಾವೇ ಸರಿಪಡಿಸುವ ಆಸೆಯನ್ನು ತಡೆದುಕೊಂಡರು. ಅದು ಎಷ್ಟು ಕಷ್ಟ ಎಂದು ನಾನು ಹಿರಿಯನಾದ ಮೇಲೆ ಗೊತ್ತಾಯಿತು, ಏಕೆಂದರೆ ನನ್ನಿಂದ ಆಗಲಿಲ್ಲ. ನನ್ನ ಕೈಕೆಳಗಿನ ಹುಡುಗನೊಬ್ಬ ಸ್ಥಳ ನೋಡಲು ಹೋದಾಗ ಒಂದೇ ಮೆಟ್ಟಿಲನ್ನು ಬೆಳಗ್ಗೆ ಏಳರಿಂದ ಸಂಜೆ ಆರರವರೆಗೆ ಗಂಟೆಗೊಂದರಂತೆ ಹನ್ನೆರಡು ಫೋಟೋ ತೆಗೆದು ತಂದಿದ್ದ. ನೆರಳು ಹೇಗೆ ಇಳಿಯುತ್ತದೆಂದು ತೋರಿಸಲು. ನನಗೆ ಬೇಕಾಗಿದ್ದದ್ದು ಒಂದು. ಅದನ್ನು ತೆಗೆದುಕೊಂಡು ‘ಸಾಕು’ ಎಂದೆ. ಅವನು ಈಗ ಈ ಕ್ಷೇತ್ರದಲ್ಲಿಲ್ಲ. ಉಳಿದ ಹನ್ನೊಂದು ಫೋಟೋಗಳನ್ನು ನಾನು ತೆರೆದು ನೋಡಿದ್ದು ಅವನು ಬಿಟ್ಟುಹೋದ ಮೇಲೆ.

ಈಗ ನಿಮ್ಮ ಆರು ಚೌಕಗಳ ವಿಷಯ. ‘ನನ್ನದನ್ನು ಬಳಸಿದಿರಾ?’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಅವರು ತಪ್ಪೊಪ್ಪಿಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಾರೆ. ‘ಯಾವ ಚೌಕದಲ್ಲಿ ಇದು ಸೋತಿತು?’ ಎಂದು ಕೇಳಿ. ಹತ್ತು ನಿಮಿಷ ಕುಳಿತು ಉತ್ತರಿಸಿದರೆ ಅಲ್ಲೇ ಇರಿ. ನುಣುಚಿಕೊಂಡರೆ ನಿಮಗೂ ಉತ್ತರ ಸಿಕ್ಕಂತೆ.

ಇನ್ನೊಂದು. ಚಿತ್ರೀಕರಣಕ್ಕೆ ಮುನ್ನ ಗ್ರಾಹಕರು (ಜಾಹೀರಾತು ಮಾಡಿಸುವ ಕಂಪನಿಯವರು), ಅದನ್ನು ರೂಪಿಸುವ ಏಜೆನ್ಸಿ, ನಿರ್ದೇಶಕರು ಕೂರುವ ಸಭೆಯಲ್ಲಿ ನಡಾವಳಿ ಬರೆಯುವ ಕೆಲಸ ಕೇಳಿ ಪಡೆಯಿರಿ. ಯಾರೂ ಅದಕ್ಕೆ ಪೈಪೋಟಿ ಮಾಡುವುದಿಲ್ಲ. ನೀಲಿ ಅಂಗಿ ಏಕೆ ಹಳದಿಯಾಯಿತು, ಅಜ್ಜಿಯ ಪಾತ್ರ ಏಕೆ ಹಾರಿಹೋಯಿತು ಎಂಬುದೆಲ್ಲ ನಿರ್ಧಾರವಾಗುವುದು ಅಲ್ಲಿ. 1949ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಡಾಯ್ಲ್ ಡೇನ್ ಬರ್ನ್‌ಬಾಕ್ ಏಜೆನ್ಸಿಯಲ್ಲಿ ಬಿಲ್ ಬರ್ನ್‌ಬಾಕ್ ಅವರು ಬರಹಗಾರರನ್ನೂ ಕಲಾ ನಿರ್ದೇಶಕರನ್ನೂ ಜೋಡಿಯಾಗಿ ಕೂರಿಸಿದ್ದನ್ನು ಈ ಉದ್ಯಮ ಇಂದಿಗೂ ಹೊಗಳುತ್ತದೆ. ಸರಿಯೇ. ಆದರೆ ನಿರ್ಮಾಣದವರನ್ನು ಆ ಕೋಣೆಗೆ ಕರೆಯುವುದು ಈಗಲೂ ಎಲ್ಲ ಮುಗಿದ ಮೇಲೆಯೇ. ಕರೆಯುವವರೆಗೆ ಕಾಯದೆ ನೋಟ್‌ಪುಸ್ತಕ ಹಿಡಿದು ಒಳಗೆ ಹೋಗಿ.

ಕತ್ತರಿ ಕೈ:

ಮೂರನೆಯ ಟೇಕ್ ಅವರ ಬಾಟಲಿ ಚೆನ್ನಾಗಿದೆ, ಆದರೆ ಸೆಟ್ ಒಳ್ಳೆಯ ಪಾಠಶಾಲೆ ಎಂಬುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಪ್ರತಿ ನಿಮಿಷಕ್ಕೂ ಬಾಡಿಗೆ ಓಡುತ್ತಿರುತ್ತದೆ. ತಪ್ಪು ಮಾಡಿ ಕಲಿಯಲು ಅಲ್ಲಿ ಜಾಗವಿಲ್ಲ. ಸಂಕಲನದ ಕೋಣೆಗೆ ಬನ್ನಿ.

ಒಂದು ಚಿತ್ರ ಮುಗಿದ ಮೇಲೆ 30, 20, 15, 6 ಸೆಕೆಂಡುಗಳ ಆವೃತ್ತಿಗಳು, ಒಂದೊಂದಕ್ಕೂ ಅಡ್ಡ, ಚೌಕ, ಉದ್ದ ಎಂದು ಮೂರು ಆಕಾರ. ಹನ್ನೆರಡು ಕಡತ, ಅದರ ಮೇಲೆ ಭಾಷೆಗಳು. ಹಿರಿಯರಿಗೆ ಇದು ತಲೆನೋವು, ಆದ್ದರಿಂದ ಸಹಾಯಕರ ಪಾಲು. 2016ರಲ್ಲಿ ಯೂಟ್ಯೂಬ್ ಆರು ಸೆಕೆಂಡಿನ ಬಂಪರ್ ಜಾಹೀರಾತನ್ನು ತಂದಾಗ ನಾನು ಆ ಸಹಾಯಕ.

ಬೀಗದ ಜಾಹೀರಾತು. ಒಬ್ಬಾತ ಬಾಗಿಲು ಹಾಕಿ ಲಿಫ್ಟಿನವರೆಗೆ ಹೋಗಿ ವಾಪಸ್ಸು ಬರುತ್ತಾನೆ, ಎಳೆದು ನೋಡುತ್ತಾನೆ. ಮೆಟ್ಟಿಲವರೆಗೆ, ವಾಪಸ್ಸು. ಕಾರಿನವರೆಗೆ, ವಾಪಸ್ಸು. ತಮಾಷೆ ಇರುವುದೇ ಪುನರಾವರ್ತನೆಯಲ್ಲಿ. ಆರು ಸೆಕೆಂಡು ಎಂದರೆ 150 ಫ್ರೇಮ್, ಅಷ್ಟರಲ್ಲಿ ಒಮ್ಮೆ ಹೋಗಿ ಬರಲೂ ಆಗುವುದಿಲ್ಲ. ಎರಡು ದಿನ ಒದ್ದಾಡಿದೆ. ಕೊನೆಗೆ ಬಳಸದೆ ಬಿಟ್ಟ ತುಣುಕುಗಳಲ್ಲಿ ಎದುರುಮನೆಯ ಹೆಂಗಸಿನ ಪಾತ್ರಧಾರಿ ಸಿಕ್ಕರು. ‘ಕಟ್’ ಎಂದಮೇಲೂ ಕ್ಯಾಮೆರಾ ಓಡುತ್ತಿತ್ತು, ಅವರು ನಿಜವಾಗಿಯೂ ಬೇಸತ್ತು ಗೋಡೆಗೆ ಒರಗಿದ್ದರು. ಆತನ ಕೈ ಬಾಗಿಲ ಹಿಡಿಯ ಮೇಲೆ, ಆಮೇಲೆ ಆ ಬೇಸತ್ತ ಮುಖ, ಆಮೇಲೆ ಬೀಗ. ಮುಗಿಯಿತು. ಆತ ಎಷ್ಟು ಸಲ ಬಂದು ಹೋಗಿದ್ದಾನೆಂದು ಆ ಮುಖವೇ ಹೇಳಿತು.

ಅದನ್ನು ಯಾರೂ ನನ್ನಿಂದ ಕೇಳಿರಲಿಲ್ಲ. ಯಾರೂ ನೋಡದ ಮೂಲೆಯಾದ್ದರಿಂದಲೇ ಮಾಡಲು ಸಾಧ್ಯವಾಯಿತು. ಗ್ರಾಹಕರು ಆ ಮುಖ ಹೆಚ್ಚು ಸೆಕೆಂಡಿನ ಆವೃತ್ತಿಗೂ ಬೇಕು ಎಂದಾಗ ನನ್ನ ಹಿರಿಯ ಸಂಕಲನಕಾರರಿಗೆ ಖುಷಿಯಾಗಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಒಂದು ವಾರ ಮಾತು ಕಡಿಮೆಯಾಗಿತ್ತು.

ಮೂರು ಕೊಟೇಶನ್:

ನಾನು ಏಜೆನ್ಸಿಯ ಕಡೆಯ ಪ್ರೊಡ್ಯೂಸರ್. ನಿಮಗೆ ಕೆಲಸ ಕೊಡದಿರುವ ಬಣದವಳು ಎಂದುಕೊಳ್ಳಿ.

ಹೊಸ ನಿರ್ದೇಶಕರಿಗೆ ಬಾಗಿಲು ಮುಚ್ಚುವುದು ಎಲ್ಲಿ ಎಂದು ಹೇಳುತ್ತೇನೆ. ಒಂದು ಚಿತ್ರಕ್ಕೆ ಸಾಮಾನ್ಯವಾಗಿ ಮೂರು ನಿರ್ಮಾಣ ಸಂಸ್ಥೆಗಳಿಂದ ಮೂವರು ನಿರ್ದೇಶಕರ ಹೆಸರು, ಮೂರು ದರಪಟ್ಟಿ ತರಿಸುತ್ತೇವೆ. ಪ್ರತಿಯೊಬ್ಬರೂ ತಾನು ಹೇಗೆ ಚಿತ್ರಿಸುವೆನೆಂದು ಹತ್ತಿಪ್ಪತ್ತು ಪುಟದ ಟ್ರೀಟ್‌ಮೆಂಟ್ ಬರೆಯುತ್ತಾರೆ, ಹೆಚ್ಚಿನ ಸಲ ಪುಕ್ಕಟೆಯಾಗಿ. ಹೊಸ ಹೆಸರು ಬರುವುದು ಮೂರನೆಯ ಸ್ಥಾನದಲ್ಲಿ, ಲೆಕ್ಕ ಭರ್ತಿಗೆ. ಗ್ರಾಹಕರನ್ನು ಪೂರ್ತಿ ದೂರಲೂ ಆಗುವುದಿಲ್ಲ. ಪ್ರಸಾರದ ದಿನ ಗೊತ್ತಾಗಿರುತ್ತದೆ, ಚಿತ್ರೀಕರಣಕ್ಕೆ ಇರುವುದು ಒಂದೇ ದಿನ, ಕೆಟ್ಟರೆ ಎರಡನೆಯ ದಿನಕ್ಕೆ ಹಣವಿಲ್ಲ. ಆದ್ದರಿಂದ ಕಾರು ಚಿತ್ರಿಸಿದವರಿಗೇ ಕಾರು, ಮಗು ಚಿತ್ರಿಸಿದವರಿಗೇ ಮಗು.

2016ರಲ್ಲಿ ನಿರ್ದೇಶಕಿ ಆಲ್ಮಾ ಹಾರೆಲ್ ‘ಫ್ರೀ ದ ಬಿಡ್’ ಆರಂಭಿಸಿ, ಆ ಮೂರರಲ್ಲಿ ಒಂದಾದರೂ ಹೆಸರು ಮಹಿಳೆಯದಾಗಿರಲಿ ಎಂದು ಏಜೆನ್ಸಿಗಳಿಂದ ಮಾತು ಪಡೆದರು. ಪಟ್ಟಿಯಲ್ಲಿರುವುದೂ ಕೆಲಸ ಸಿಗುವುದೂ ಒಂದೇ ಅಲ್ಲ, ನಿಜ. ಆದರೆ ಬರೆದದ್ದನ್ನು ಯಾರಾದರೂ ಓದಬೇಕಾದರೆ ಮೊದಲು ಪಟ್ಟಿಯಲ್ಲಿ ಇರಬೇಕು.

ಇಲ್ಲಿ ನಿಮ್ಮ 31 ಕಾಲ್‌ಶೀಟ್‌ಗಳ ಬೆಲೆ ನಿಮಗೇ ತಿಳಿದಿಲ್ಲ. ನನ್ನ ಮೇಜಿಗೆ ಬರುವ ಹೊಸಬರ ಟ್ರೀಟ್‌ಮೆಂಟ್‌ಗಳು ಸುಂದರವಾಗಿರುತ್ತವೆ, ಆದರೆ ಹನ್ನೆರಡು ಗಂಟೆಯಲ್ಲಿ ನಲವತ್ತು ಶಾಟ್ ಬಯಸುತ್ತವೆ. ಗ್ರಾಹಕರು ನಗುತ್ತಾರೆ, ಪುಟ ಮಗುಚುತ್ತಾರೆ. ‘ಈ ನಾಲ್ಕು ಶಾಟ್ ಒಂದೇ ಬೆಳಕಿನಲ್ಲಿ ಮುಗಿಯುತ್ತವೆ, ಕಿಟಕಿಯದು ಮೂರೂವರೆಗೆ, ಮಗುವಿನದು ಮಧ್ಯಾಹ್ನಕ್ಕೆ ಮುನ್ನ’ ಎಂದು ಬರೆಯಬಲ್ಲ ಹೊಸಬಳಿಗಾಗಿ ನಾನು ಗ್ರಾಹಕರ ಒಪ್ಪಿಗೆ ಪಡೆಯಬಲ್ಲೆ. ಕತ್ತರಿ ಕೈ ಅವರೇ, ಈ ವಿದ್ಯೆ ನಿಮ್ಮ ಕೋಣೆಯಲ್ಲಿ ಸಿಗುವುದಿಲ್ಲ.

ಉಳಿತಾಯ ಸುರಿಯಬೇಡಿ. 30 ಸೆಕೆಂಡಿನ ಪೂರ್ತಿ ಚಿತ್ರ ಯಾಕೆ? ಇಬ್ಬರು ನಟರು, ಒಂದು ಕೋಣೆ, 15 ಸೆಕೆಂಡು ಸಾಕು. ನಾನು ಶೋರೀಲ್ ನೋಡುವುದು ಹೆಚ್ಚೆಂದರೆ ಎರಡು ನಿಮಿಷ, ಮೊದಲ ಚಿತ್ರ ಹಿಡಿಸದಿದ್ದರೆ ಅದೂ ಇಲ್ಲ. ನಿಜವಾದ ಬ್ರ್ಯಾಂಡ್ ಬಳಸಿದರೆ ಇದು ಅವರು ಮಾಡಿಸಿದ್ದಲ್ಲ, ಸ್ವಂತ ಅಭ್ಯಾಸ ಎಂದು ಸ್ಪಷ್ಟವಾಗಿ ಬರೆಯಿರಿ. ಅನುಮತಿಯಿಲ್ಲದ ಸಂಗೀತ ಹಾಕಬೇಡಿ. ಆ ಒಂದು ಕಾರಣಕ್ಕೆ ಎಷ್ಟೋ ಒಳ್ಳೆಯ ಮಾದರಿಗಳನ್ನು ನಾನು ಗ್ರಾಹಕರಿಗೆ ತೋರಿಸಲಾಗಿಲ್ಲ.

ಕಾಲ್‌ಶೀಟ್ ಕೂಸು:

ಎಲ್ಲರಿಗೂ ಧನ್ಯವಾದ. ನಮ್ಮ ನಿರ್ದೇಶಕರನ್ನು ಹೋಗಿ ಕೇಳಿಯೇಬಿಟ್ಟೆ, ಮೂರನೆಯ ಟೇಕ್ ಅವರು ಹೇಳಿಕೊಟ್ಟ ಮಾತಿನಲ್ಲೇ.

ನಿರ್ದೇಶಕರು ಮೊಬೈಲಿನಲ್ಲಿ ಆ ಫೋಟೋ ಹುಡುಕಿ ತೆಗೆದರು, ಅಂದರೆ ಅಳಿಸಿರಲಿಲ್ಲ. ನಾಲ್ಕನೆಯ ಚೌಕದಲ್ಲಿ ಸೋತಿತಂತೆ. ಉತ್ಪನ್ನ ಒಳಗೆ ಬರುವ ಹೊತ್ತಿಗೆ ನನ್ನ ಹುಡುಗಿ ಬೆನ್ನು ತಿರುಗಿಸಿರುತ್ತಾಳೆ. ಅವಳು ಮತ್ತೆ ತಿರುಗಿ ನೋಡುವಂತೆ ಮಾಡಲು ಇನ್ನೂ ನಾಲ್ಕು ಸೆಕೆಂಡು ಬೇಕು, ಎಲ್ಲಿಂದ ತರುವುದು ಎಂದು ಕೇಳಿದರು. ನಾನು ಎರಡನೆಯ ಚೌಕದಿಂದ ಎಂದೆ. ಸ್ವಲ್ಪ ಹೊತ್ತು ನೋಡಿ, ‘ಆಗಬಹುದಿತ್ತು’ ಎಂದರು. ಹೊರಡುವಾಗ, ‘ಐದನೆಯದನ್ನು ತೆಗೆದುಕೊಂಡಿದ್ದೆ, ಹೇಳಿರಲಿಲ್ಲವೇ?’ ಎಂದು ಫೋನಿನ ಕಡೆ ತಿರುಗಿದರು. ಇದಕ್ಕೆ ಸಂತೋಷಪಡಬೇಕೋ ಸಿಟ್ಟಾಗಬೇಕೋ ಇನ್ನೂ ನಿರ್ಧರಿಸಿಲ್ಲ.

ಗುರುವಾರದ ಸಭೆಗೆ ನಡಾವಳಿ ಬರೆಯಲು ಒಪ್ಪಿದ್ದಾರೆ. ಮುಂದಿನ ಚಿತ್ರದ ಪ್ಯಾಕ್‌ಶಾಟ್ ಕೇಳಿದ್ದೇನೆ, ‘ನೋಡೋಣ’ ಎಂದಿದ್ದಾರೆ. ಅದೂ ಗಾಜಿನ ಬಾಟಲಿ. ಮೂರನೆಯ ಟೇಕ್ ಅವರೇ, ಗ್ಲಿಸರಿನ್ ಎಷ್ಟು, ನೀರು ಎಷ್ಟು?

ಮೂರನೆಯ ಟೇಕ್:

ಅರ್ಧಕ್ಕರ್ಧದಿಂದ ಶುರು ಮಾಡಿ. ಹನಿ ಜಾರಿದರೆ ಗ್ಲಿಸರಿನ್ ಹೆಚ್ಚಿಸಿ. ಮೊದಲ ಸಿಂಪಡಣೆ ಹೀರೋ ಮೇಲೆ ಬೇಡ, ಬೇರೆ ಬಾಟಲಿಯ ಮೇಲೆ.