ಸಹಾಯ ಬೇಕು: ನಾಡದೋಣಿಯ ಔಟ್‌ಬೋರ್ಡ್ ಎಂಜಿನ್‌ಗೆ ಯಾವ ಪಿಚ್‌ನ ಪ್ರೊಪೆಲ್ಲರ್?

ಎಲ್ಲರಿಗೂ ನಮಸ್ಕಾರ. ಗಂಗೊಳ್ಳಿ ಕಡೆಯ ನಮ್ಮ ಫೈಬರ್ ನಾಡದೋಣಿಗೆ 9.9 ಅಶ್ವಶಕ್ತಿಯ ಎಂಜಿನ್ ಇದ್ದು, ಅದರಲ್ಲಿ ಸದ್ಯ 10 ಇಂಚು ಪಿಚ್‌ನ (ಪಿಚ್ ಎಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಮುಂದೆ ಸಾಗುವ ದೂರ), ಮೂರು ರೆಕ್ಕೆಗಳ ಅಲ್ಯೂಮಿನಿಯಂ ಪ್ರೊಪೆಲ್ಲರ್ ಇದೆ. ಪೂರ್ತಿ ಥ್ರಾಟಲ್ ಕೊಟ್ಟಾಗ ಎಂಜಿನ್ ನಿಮಿಷಕ್ಕೆ 4500ರಿಂದ 5500 ಸುತ್ತು ತಿರುಗಬೇಕೆಂದು ಕೈಪಿಡಿ ಹೇಳುತ್ತದೆ. ಆದರೆ ಬಲೆ, ಮಂಜುಗಡ್ಡೆ ಮತ್ತು ನಾಲ್ವರು ಆಳುಗಳಿರುವಾಗ ಟ್ಯಾಕೋಮೀಟರ್ 4100ನ್ನು ದಾಟುವುದಿಲ್ಲ. ಖಾಲಿ ದೋಣಿಯಲ್ಲಿ 4700ರವರೆಗೆ ಏರುತ್ತದೆ. ದೋಣಿಯ ತಳವನ್ನು ಉಜ್ಜಿ ತೊಳೆಸಿದ್ದೇವೆ, ಸ್ಪಾರ್ಕ್ ಪ್ಲಗ್ ಮತ್ತು ಕಾರ್ಬ್ಯುರೇಟರ್ ಸರಿಯಾಗಿವೆ ಎಂದು ಮೆಕ್ಯಾನಿಕ್ ಖಚಿತಪಡಿಸಿದ್ದಾರೆ.

ಪಿಚ್ ಒಂದು ಇಂಚು ಕಡಿಮೆಯಾದರೆ ಸುಮಾರು 150ರಿಂದ 200 ಸುತ್ತು ಹೆಚ್ಚುತ್ತದೆ ಎಂಬ ಸಾಮಾನ್ಯ ಲೆಕ್ಕದ ಪ್ರಕಾರ 8 ಇಂಚಿನದು ಹೊಂದಬೇಕು. ಹಾಗೆ ಮಾಡಿದರೆ ಖಾಲಿ ದೋಣಿಯಲ್ಲಿಯೂ ಸುತ್ತು 5500ನ್ನು ಮೀರಲಾರದು, ಭಾರವಿದ್ದಾಗ ಎಂಜಿನ್ ಉಸಿರುಗಟ್ಟಿ ದುಡಿಯುವುದೂ ತಪ್ಪುತ್ತದೆ ಎಂಬುದು ನನ್ನ ಅಂದಾಜು. ವೇಗಕ್ಕಿಂತ, ಅಳಿವೆಯಲ್ಲಿ ತೆರೆ ಏಳುವ ಮುನ್ನ ದೋಣಿಯನ್ನು ದಾಟಿಸುವ ಎಳೆತವೇ ನಮಗೆ ಮುಖ್ಯ, ಏಕೆಂದರೆ ಅಲ್ಲಿ ಎಂಜಿನ್ ತಡವರಿಸಿದರೆ ದೋಣಿಯಲ್ಲಿರುವವರ ಜೀವಕ್ಕೇ ಅಪಾಯ.

ವ್ಯಾಸವನ್ನು ಬದಲಿಸದೆ ಪಿಚ್ ಮಾತ್ರ ಇಳಿಸಿದರೆ ಸಾಕೇ, ಅಥವಾ ನಾಲ್ಕು ರೆಕ್ಕೆಯದನ್ನು ಹಾಕಿದರೆ ತೆರೆಯ ಮೇಲೆ ನೀರಿನ ಹಿಡಿತ ಉತ್ತಮವಾಗುವುದೇ? ಸ್ಟೇನ್‌ಲೆಸ್ ಸ್ಟೀಲ್ ಮರಳಿಗೆ ಬೇಗ ಸವೆಯುವುದಿಲ್ಲವಾದರೂ, ದಿಬ್ಬಕ್ಕೆ ತಾಗಿದಾಗ ಪೆಟ್ಟು ಗೇರಿಗೆ ಹೋಗಬಹುದೆಂಬ ಭಯದಿಂದ ಅಲ್ಯೂಮಿನಿಯಂ ಅನ್ನೇ ಉಳಿಸಿಕೊಳ್ಳುವ ಯೋಚನೆಯಲ್ಲಿದ್ದೇನೆ. ಇದೇ ಶಕ್ತಿಯ ಎಂಜಿನ್‌ನಲ್ಲಿ ಪಿಚ್ ಬದಲಿಸಿ ನೋಡಿದವರು, ಬದಲಾವಣೆಗೆ ಮೊದಲಿನ ಮತ್ತು ನಂತರದ ಸುತ್ತುಗಳ ಸಂಖ್ಯೆಯನ್ನೂ ಇಂಧನ ಖರ್ಚನ್ನೂ ದಯವಿಟ್ಟು ತಿಳಿಸಿ.