ಏಳು ವರ್ಷ, 9,200 ಕಿಲೋಮೀಟರ್: ಈ ಮಸ್ಟಾಂಗ್ ಕೊಳ್ಳಲೇ, ಬೇಡವೇ? ಓದುಗರ ಸ್ಪಂದನ

ಕಳೆದ ವಾರದ ಸಮಸ್ಯೆ: ಬೆಂಗಳೂರಿನ ನಾಗರಬಾವಿಯ ಓದುಗರೊಬ್ಬರು ಬರೆದಿದ್ದರು. ವಯಸ್ಸು 41, ಇಬ್ಬರು ಮಕ್ಕಳು. ಕಾಲೇಜಿನ ದಿನಗಳಿಂದ ಫೋರ್ಡ್ ಕಂಪನಿಯ ಸ್ಪೋರ್ಟ್ಸ್ ಕಾರು ಮಸ್ಟಾಂಗ್ ಮೇಲೆ ಆಸೆ. ಈಗ ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟ್ ಒಂದರ ಬೇಸ್‌ಮೆಂಟಿನಲ್ಲಿ 2018ರ ಮಸ್ಟಾಂಗ್ ಜಿಟಿ ಕಣ್ಣಿಗೆ ಬಿದ್ದಿದೆ. ಒಬ್ಬರೇ ಮಾಲೀಕರು, ಪುದುಚೇರಿ ನೋಂದಣಿ, ಓಡಿರುವುದು ಬರೀ 9,200 ಕಿಲೋಮೀಟರ್. ಕೇಳುತ್ತಿರುವುದು 48 ಲಕ್ಷ. ಅರ್ಧ ಉಳಿತಾಯದ ದುಡ್ಡು, ಅರ್ಧ ಸಾಲ. "ಇಷ್ಟು ಕಡಿಮೆ ಓಡಿದ ಗಾಡಿ ಮತ್ತೆ ಸಿಗುತ್ತಾ? ಹೆಂಡತಿ ಬೇಡ ಅನ್ನುತ್ತಿಲ್ಲ, ಯೋಚನೆ ಮಾಡು ಅನ್ನುತ್ತಾಳೆ. ಏನು ಮಾಡಲಿ?" ಎಂದು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಹುಬ್ಬಳ್ಳಿಯಿಂದ, ಗ್ಯಾರೇಜ್ ನಡೆಸುವ ಓದುಗರು

ನಿಮ್ಮ ಪತ್ರದಲ್ಲಿ 9,200 ಅನ್ನುವ ಸಂಖ್ಯೆ ನಾಲ್ಕು ಸಲ ಬಂದಿದೆ. ಏಳು ವರ್ಷ ಅನ್ನುವುದು ಒಂದೇ ಸಲ. ನಾನಾಗಿದ್ದರೆ ಏಳು ವರ್ಷವನ್ನೇ ನಾಲ್ಕು ಸಲ ಬರೆಯುತ್ತಿದ್ದೆ.

ಲೆಕ್ಕ ಹಾಕಿ ನೋಡಿ, ತಿಂಗಳಿಗೆ ಸುಮಾರು 110 ಕಿಲೋಮೀಟರ್ ಆಯಿತು. ಪ್ರತಿ ಭಾನುವಾರ ಇಪ್ಪತ್ತೈದು ಕಿಲೋಮೀಟರ್ ಸುತ್ತಾಡಿ ಬಂದ ಗಾಡಿಯೂ ಏಳು ವರ್ಷಕ್ಕೆ ಇಷ್ಟೇ ತೋರಿಸುತ್ತದೆ. ಮೊದಲ ಎರಡು ವರ್ಷದ ಹುರುಪಿನಲ್ಲಿ ಎಂಟು ಸಾವಿರ ಓಡಿ, ಆಮೇಲೆ ಐದು ವರ್ಷ ಕವರ್ ಹೊದ್ದು ನಿಂತ ಗಾಡಿಯೂ ಇಷ್ಟೇ ತೋರಿಸುತ್ತದೆ. ಮೊದಲನೆಯದನ್ನು ನಾನು ಕಣ್ಣು ಮುಚ್ಚಿ ತಗೊಳ್ಳಿ ಅನ್ನುತ್ತೇನೆ. ಎರಡನೆಯದಕ್ಕೆ ಕೈ ಹಾಕುವ ಮೊದಲು ನೂರು ಸಲ ಯೋಚನೆ ಮಾಡಿ. ನಿಮ್ಮ ಗಾಡಿ ಯಾವುದು ಅಂತ ಮೀಟರ್ ಹೇಳಲ್ಲ, ಬಿಲ್ಲುಗಳು ಹೇಳುತ್ತವೆ. ಪ್ರತಿ ಸರ್ವಿಸ್ ಬಿಲ್ಲಿನಲ್ಲಿ ತಾರೀಖು ಇರುತ್ತದೆ, ಅವತ್ತಿನ ಕಿಲೋಮೀಟರ್ ಇರುತ್ತದೆ. ಎಲ್ಲವನ್ನೂ ಸಾಲಾಗಿ ಒಂದು ಹಾಳೆಯ ಮೇಲೆ ಬರೆಯಿರಿ. ವರ್ಷಕ್ಕೊಂದು ಬಿಲ್ ಇದ್ದರೆ ಒಳ್ಳೆಯ ಮಾಲೀಕ. "ಓಡಿಸೇ ಇಲ್ಲ, ಹಾಗಾಗಿ ಸರ್ವಿಸ್ ಮಾಡಿಸಿಲ್ಲ" ಅಂದರೆ ಅಲ್ಲಿಗೆ ನನಗೆ ಗೊತ್ತಾಗಿಬಿಡುತ್ತದೆ.

ಯಾಕೆ ಅಂದರೆ, ಗಾಡಿ ನಿಂತರೂ ವಯಸ್ಸು ನಿಲ್ಲಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಅದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಗಾಡಿ ಓಡಲಿ ಬಿಡಲಿ. ವಾರಕ್ಕೊಮ್ಮೆ ಬೇಸ್‌ಮೆಂಟಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವವರು ತುಂಬಾ ಜನ. ಒಳ್ಳೆಯದು ಮಾಡುತ್ತಿದ್ದೇವೆ ಅಂದುಕೊಂಡಿರುತ್ತಾರೆ. ಆದರೆ ಐದು ನಿಮಿಷದಲ್ಲಿ ಆಯಿಲ್ ಸರಿಯಾಗಿ ಬಿಸಿಯಾಗಲ್ಲ, ಒಳಗೆ ಹುಟ್ಟಿದ ನೀರಿನ ಅಂಶ ಆವಿಯಾಗಿ ಹೋಗಲ್ಲ, ಅಲ್ಲೇ ಆಯಿಲ್ ಜೊತೆ ಸೇರಿಕೊಳ್ಳುತ್ತದೆ. ಸೈಲೆನ್ಸರ್ ಒಳಗೂ ನೀರು ನಿಲ್ಲುತ್ತದೆ. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಿದರೆ ಅದೂ ಕೆಡುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ನೀರು ಹೀರುವ ಗುಣ ಇನ್ನೂ ಜಾಸ್ತಿ. ಕೂಲೆಂಟ್, ಬೆಲ್ಟ್, ರಬ್ಬರ್ ಹೋಸ್, ಬಾಗಿಲಿನ ಬೀಡಿಂಗ್, ಎಲ್ಲಕ್ಕೂ ವಯಸ್ಸಿದೆ.

ಟಯರ್ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇದು ಜೀವದ ವಿಷಯ. ಟಯರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಬರಹದ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 4517 ಅಂತಿದ್ದರೆ 2017ರ 45ನೇ ವಾರ ತಯಾರಾಗಿದ್ದು. ನಿಮ್ಮ ಗಾಡಿಯಲ್ಲಿ ಕಂಪನಿಯಿಂದ ಬಂದ ಟಯರೇ ಇದ್ದರೆ ನೋಡೋಕೆ ಹೊಸದರ ಹಾಗೇ ಇರುತ್ತದೆ, ಗ್ರಿಪ್ಪಿನ ಗೆರೆ ಆಳವಾಗೇ ಇರುತ್ತದೆ. ಆದರೆ ರಬ್ಬರ್ ಗಟ್ಟಿಯಾಗಿರುತ್ತದೆ. ನನ್ನ ಗಿರಾಕಿಯೊಬ್ಬರು ಹೀಗೇ ಎಂಟು ವರ್ಷದ "ಹೊಸ" ಟಯರಿನಲ್ಲಿ ಧಾರವಾಡದ ಬೈಪಾಸಿನಲ್ಲಿ ಮೊದಲ ಮಳೆಗೆ ಜಾರಿ ಗಾಡಿಯನ್ನು ಗಿರ್ರನೆ ತಿರುಗಿಸಿಕೊಂಡರು. ಅವರದು ಸಾಧಾರಣ ಸೆಡಾನ್. ನಿಮ್ಮದು ಐದು ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್, ಸುಮಾರು 400 ಅಶ್ವಶಕ್ತಿ, ಅಷ್ಟೂ ಹಿಂದಿನ ಎರಡು ಚಕ್ರಕ್ಕೆ ಹೋಗುತ್ತದೆ. ನಾಲ್ಕೂ ಟಯರಿನ ದುಡ್ಡನ್ನು ಬೆಲೆಯಲ್ಲೇ ಮುರಿದುಕೊಳ್ಳಿ. ಹೊಸ ಟಯರ್ ಹಾಕಿಸದೆ ಆ ಗಾಡಿಯನ್ನು ಮನೆಗೂ ತರಬೇಡಿ, ಟ್ರಕ್ಕಿನ ಮೇಲೆ ತನ್ನಿ.

ಸರ್ಜಾಪುರ ರಸ್ತೆಯಿಂದ ಒಬ್ಬರು

ನೀವು ಬರೆದ ವಿಳಾಸ ನೋಡಿ ಎದೆ ಧಸಕ್ ಅಂತು. 2022ರ ಸೆಪ್ಟೆಂಬರ್ ಮಳೆ ನೆನಪಿದೆ ಅಲ್ವಾ? ನಮ್ಮ ಕಡೆ ಲೇಔಟುಗಳಲ್ಲಿ ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು, ಬೋಟಿನಲ್ಲಿ ವಯಸ್ಸಾದವರನ್ನು ಹೊರಗೆ ತಂದರು. ನಮ್ಮ ಬೇಸ್‌ಮೆಂಟಿನಲ್ಲಿ ನನ್ನ ಕಾರಿನ ಸೀಟಿನವರೆಗೂ ನೀರು ಬಂದಿತ್ತು. ಆ ಬೇಸ್‌ಮೆಂಟಿನಲ್ಲಿ ಆ ಮಸ್ಟಾಂಗ್ ಆವತ್ತು ಎಲ್ಲಿತ್ತು ಅಂತ ಮೊದಲು ಕೇಳಿ. ಮಾಲೀಕರನ್ನು ಮಾತ್ರ ಅಲ್ಲ, ಅಲ್ಲಿನ ಸೆಕ್ಯೂರಿಟಿಯವರನ್ನೂ ಕೇಳಿ. ಅವರಿಗೆ ಎಲ್ಲಾ ಗೊತ್ತಿರುತ್ತದೆ.

ನೀರು ಕುಡಿದ ಗಾಡಿಯನ್ನು ಎಷ್ಟು ತೊಳೆದರೂ ಕೆಲವು ಕಡೆ ಗುರುತು ಉಳಿಯುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಇದೆಯಾ ಅಂತ. ಡಿಕ್ಕಿಯ ಕಾರ್ಪೆಟ್ ಎತ್ತಿ ನೋಡಿ. ಸೀಟಿನ ಕೆಳಗಿನ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯಾ, ವೈರಿನ ಕನೆಕ್ಟರುಗಳಲ್ಲಿ ಹಸಿರು ಬಣ್ಣ ಕಟ್ಟಿದೆಯಾ ನೋಡಿ. ಎಲ್ಲಾ ಗಾಜು ಏರಿಸಿ ಹತ್ತು ನಿಮಿಷ ಒಳಗೆ ಸುಮ್ನೆ ಕೂತುಕೊಳ್ಳಿ. ಸೆಂಟ್ ಜಾಸ್ತಿ ಹೊಡೆದಿದ್ದರೆ ಅದೂ ಒಂದು ಸುಳಿವು.

ಮತ್ತೊಂದು ಸುಲಭದ ದಾರಿ ಇನ್ಶೂರೆನ್ಸ್ ಪಾಲಿಸಿ. ಐದು ವರ್ಷ ಸತತವಾಗಿ ಕ್ಲೇಮ್ ಮಾಡದಿದ್ದರೆ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಶೇ. 50ಕ್ಕೆ ಬಂದಿರುತ್ತದೆ. ಅವರ ಪಾಲಿಸಿಯಲ್ಲಿ 20 ಅಥವಾ 25 ಇದ್ದರೆ, ಯಾವ ವರ್ಷ ಏನು ಕ್ಲೇಮ್ ಆಯಿತು ಅಂತ ಕಾಗದ ಕೇಳಿ. ಆ ಬೋನಸ್ ಗಾಡಿಗಲ್ಲ, ಮಾಲೀಕರಿಗೆ ಸೇರಿದ್ದು. ನಿಮಗೆ ಬರಲ್ಲ. ಆದರೆ ಸತ್ಯ ತಿಳಿಯೋಕೆ ಉಪಯೋಗಕ್ಕೆ ಬರುತ್ತದೆ.

ಚಿಕ್ಕಮಗಳೂರಿನಿಂದ

ತಗೊಳ್ಳಿ ಸರ್. ನಾನು ಐವತ್ತೆಂಟನೇ ವಯಸ್ಸಿಗೆ ತಗೊಂಡೆ. ನಲವತ್ತೊಂದಕ್ಕೇ ತಗೊಳ್ಳಬೇಕಿತ್ತು.

ಯಶವಂತಪುರದಿಂದ, ಗಾಡಿ ಕಾಗದಪತ್ರದ ಕೆಲಸ ಮಾಡುವವರು

ಎಲ್ಲರೂ ಎಂಜಿನ್ ಬಗ್ಗೆ ಹೇಳುತ್ತಾರೆ. ನಾನು ಪುದುಚೇರಿಯ ಪಿವೈ ನಂಬರ್ ಪ್ಲೇಟ್ ಬಗ್ಗೆ ಹೇಳುತ್ತೇನೆ. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಹೆಚ್ಚಿನ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಅದರ ಮೇಲೆ ಸೆಸ್ ಬೇರೆ. ಇದನ್ನು ತಪ್ಪಿಸೋಕೆ ತುಂಬಾ ಜನ ಪುದುಚೇರಿ ವಿಳಾಸ ಕೊಟ್ಟು ನೋಂದಣಿ ಮಾಡಿಸಿ ಬೆಂಗಳೂರಿನಲ್ಲೇ ಓಡಿಸಿದರು. ಕಾನೂನಿನ ಪ್ರಕಾರ ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಬೇಕು. ಸಾರಿಗೆ ಇಲಾಖೆಯವರು ಇಂಥ ದುಬಾರಿ ಗಾಡಿಗಳನ್ನೇ ಹುಡುಕಿ ಹಿಡಿಯುತ್ತಾರೆ. ಕೆಂಪು ಮಸ್ಟಾಂಗ್ ಆಗಲಿ, ಕಪ್ಪು ಮಸ್ಟಾಂಗ್ ಆಗಲಿ, ಬೆಂಗಳೂರಿನಲ್ಲಿ ಬಚ್ಚಿಡೋಕೆ ಆಗಲ್ಲ.

ಹಾಗಾಗಿ 48 ಲಕ್ಷ ನಿಮ್ಮ ಬೆಲೆ ಅಲ್ಲ. ಗಾಡಿಯ ವಯಸ್ಸಿಗೆ ತಕ್ಕಂತೆ ತೆರಿಗೆಯ ದರ ಇಳಿಯುತ್ತದೆ ನಿಜ. ಆದರೂ ಆ ಲೆಕ್ಕ ಹುಟ್ಟಿಕೊಳ್ಳುವುದು ಹೊಸದರ ಬೆಲೆಯ ಮೇಲೆ. 2016ರಲ್ಲಿ ಇದು ಭಾರತಕ್ಕೆ ಬಂದಾಗಲೇ ದೆಹಲಿ ಶೋರೂಮ್ ಬೆಲೆ 65 ಲಕ್ಷ ಇತ್ತು. ಆರ್‌ಟಿಒ ಕಚೇರಿಗೆ ಹೋಗಿ ಎಷ್ಟಾಗುತ್ತದೆ ಅಂತ ಮೊದಲೇ ಕೇಳಿಕೊಳ್ಳಿ, ಆ ಮೊತ್ತ ಲಕ್ಷಗಳಲ್ಲೇ ಇರುತ್ತದೆ. ಮಾರುವವರ ಹತ್ತಿರ ಪುದುಚೇರಿಯ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಫಾರಂ 28, ತರಿಸಿ. ಅವರ ಗಾಡಿಯ ಮೇಲೆ ಸಾಲ ಇದ್ದರೆ, ಅದು ತೀರಿದೆ ಅನ್ನುವ ಫಾರಂ 35 ಬ್ಯಾಂಕಿನಿಂದ. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲೆ ಇರುವುದರ ಜೊತೆ ನೀವೇ ಓದಿ ಹೋಲಿಸಿ. ಎನ್‌ಒಸಿ ಕೈಗೆ ಬರುವವರೆಗೂ ಪೂರ್ತಿ ದುಡ್ಡು ಕೊಡಬೇಡಿ. "ಹೀಗೇ ಓಡಿಸಿ ಸರ್, ಏನೂ ಆಗಲ್ಲ" ಅಂದರೆ ಎದ್ದು ಬನ್ನಿ.

ಮಿಷಿಗನ್‌ನಿಂದ ಒಬ್ಬ ಕನ್ನಡಿಗರು

ಈ ಗಾಡಿ ತಯಾರಾಗುವ ಫ್ಲಾಟ್ ರಾಕ್ ಕಾರ್ಖಾನೆ ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದಾರಿ. ನನ್ನ ಹತ್ತಿರ ಇದೇ ಪೀಳಿಗೆಯ ಮಸ್ಟಾಂಗ್ ಇದೆ. ನಿಂತ ಗಾಡಿ ಎಲ್ಲಾ ಕೆಟ್ಟದ್ದು ಅನ್ನುವ ಮಾತನ್ನು ಸ್ವಲ್ಪ ತಿದ್ದಬೇಕು ಅನ್ನಿಸಿತು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಆ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಹಾಗಾಗಿ ನವೆಂಬರಿನಿಂದ ಏಪ್ರಿಲ್‌ವರೆಗೆ ನಮ್ಮ ಗಾಡಿಗಳು ಮಲಗುತ್ತವೆ. ಆದರೆ ನಾವು ಅದನ್ನು ಮಲಗಿಸುತ್ತೇವೆ, ಬಿಟ್ಟು ಹೋಗುವುದಿಲ್ಲ. ಹೊಸ ಆಯಿಲ್ ಹಾಕಿ, ಟ್ಯಾಂಕ್ ಪೂರ್ತಿ ತುಂಬಿಸಿ, ಪೆಟ್ರೋಲ್ ಕೆಡದಂತೆ ಸ್ಟೆಬಿಲೈಸರ್ ಸೇರಿಸಿ, ಬ್ಯಾಟರಿಗೆ ಸಣ್ಣ ಚಾರ್ಜರ್ ಹಚ್ಚಿ, ಟಯರಿಗೆ ಗಾಳಿ ಸ್ವಲ್ಪ ಜಾಸ್ತಿ ತುಂಬಿಸಿ, ಇಲಿ ಬರದಂತೆ ಸೈಲೆನ್ಸರ್ ಬಾಯಿ ಮುಚ್ಚಿ ಇಡುತ್ತೇವೆ. ನನ್ನದು ಹೀಗೆ ಎಂಟು ಚಳಿಗಾಲ ಕಳೆದಿದೆ, ಏನೂ ತೊಂದರೆ ಇಲ್ಲ.

ಆದ್ದರಿಂದ ಮಾಲೀಕರಿಗೆ ಒಂದೇ ಪ್ರಶ್ನೆ ಕೇಳಿ: ನಿಲ್ಲಿಸುವಾಗ ಏನೇನು ಮಾಡುತ್ತಿದ್ದಿರಿ? ಗಾಡಿಯನ್ನು ಪ್ರೀತಿಸಿದವರು ಅರ್ಧ ಗಂಟೆ ಹೇಳುತ್ತಾರೆ. ಇಲಿ ವಿಷಯ ಬೆಂಗಳೂರಿನಲ್ಲೂ ಮುಖ್ಯ. ಬಾನೆಟ್ ತೆಗೆದು, ಇಲಿ ಕಡಿದ ವೈರುಗಳಿಗೆ ಟೇಪ್ ಸುತ್ತಿದ್ದಾರಾ ನೋಡಿ.

ಮೈಸೂರಿನಿಂದ ಒಬ್ಬ ತಾಯಿ

ನಿಮ್ಮ ಹೆಂಡತಿ "ಯೋಚನೆ ಮಾಡು" ಅಂದಿದ್ದಾರೆ. ಆ ಮಾತಿನ ಹಿಂದೆ ಏನಿದೆ ಅಂತ ನನಗೆ ಗೊತ್ತಾಗುತ್ತದೆ, ಯಾಕೆಂದರೆ ನಾನೂ ಅದನ್ನೇ ಅಂದಿದ್ದೆ.

ನಮ್ಮ ಮನೆಗೂ ಇಂಥದ್ದೇ ಒಂದು ಎರಡು ಬಾಗಿಲಿನ ಗಾಡಿ ಬಂತು. ಬೇರೆ ಕಂಪನಿಯದು, ಹೆಸರು ಬೇಡ. ಮೊದಲ ಆರು ತಿಂಗಳು ನನ್ನ ಗಂಡ ಮಗುವಿನ ಹಾಗೆ ಖುಷಿಯಾಗಿದ್ದರು. ಆಮೇಲೆ ಒಂದು ಹೆಡ್‌ಲೈಟ್ ಒಡೆಯಿತು, ಅದು ಹೊರದೇಶದಿಂದ ಬರೋಕೆ ಮೂರು ತಿಂಗಳು. ಆಮೇಲೆ ಹಂಪಿನ ಭಯ, ಗುಂಡಿಯ ಭಯ, ಪಾರ್ಕಿಂಗಿನಲ್ಲಿ ಯಾರಾದರೂ ಗೀರುತ್ತಾರೆ ಅನ್ನುವ ಭಯ. ಭಯದಲ್ಲಿ ಓಡಿಸುವುದು ಕಡಿಮೆಯಾಯಿತು. ಕೊನೆಗೆ ಕಂತು ಕಟ್ಟುವ ದಿನ ಮಾತ್ರ ಆ ಗಾಡಿಯ ಮಾತು ಬರುತ್ತಿತ್ತು. ಮಾರಿದಾಗ ಅದೂ "ಕಡಿಮೆ ಓಡಿದ ಗಾಡಿ" ಅಂತಲೇ ಹೋಯಿತು. ನಿಮ್ಮ ಕೈಗೆ ಬರುತ್ತಿರುವುದೂ ಬೇರೆ ಯಾರದೋ ಮನೆಯ ಇಂಥದ್ದೇ ಗಾಡಿ ಇರಬಹುದು. ಆ ಮಾಲೀಕರು ಯಾಕೆ ಓಡಿಸಲಿಲ್ಲ ಅಂತ ಕೇಳಿ. ಆ ಕಾರಣ ನಿಮಗೂ ಇದೆಯಾ ಅಂತ ನೋಡಿಕೊಳ್ಳಿ.

ಇನ್ನೊಂದು ಮಾತು. ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸುತ್ತೀರಾ? 2017ರಲ್ಲಿ, ಕಾರುಗಳ ಸುರಕ್ಷತೆ ಪರೀಕ್ಷಿಸುವ ಯೂರೋ ಎನ್‌ಕ್ಯಾಪ್ ಈ ಕಾರಿಗೆ ಐದರಲ್ಲಿ ಎರಡೇ ನಕ್ಷತ್ರ ಕೊಟ್ಟಿತ್ತು. ಹಿಂದಿನ ಸೀಟಿನವರ ರಕ್ಷಣೆ ಬಗ್ಗೆಯೂ ಅವರು ತಕರಾರು ತೆಗೆದಿದ್ದರು. ಮಕ್ಕಳಿಗೆ ಮನೆಯ ಇನ್ನೊಂದು ಗಾಡಿ ಇರಲಿ. ಇದು ನಿಮ್ಮಿಬ್ಬರಿಗೆ ಮಾತ್ರ ಇರಲಿ. ಹೆಂಡತಿಗೆ ಹಾಗೆ ಹೇಳಿ ನೋಡಿ, ಅವರಿಗೂ ಆ ಗಾಡಿ ಇಷ್ಟವಾಗಬಹುದು.

ಹಾಸನದಿಂದ, ಮಸ್ಟಾಂಗ್ ಇಟ್ಟುಕೊಂಡಿರುವವರು

ಮೇಲಿನ ಅಕ್ಕ ಹೇಳಿದ ಭಯ ನನಗೂ ಇತ್ತು, ಹೋಗಿದ್ದು ಓಡಿಸಿದ ಮೇಲೆಯೇ. ಹಂಪನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿಸಬೇಕು. ಊರೊಳಗೆ ನನ್ನದು ಲೀಟರಿಗೆ ನಾಲ್ಕೈದು ಕಿಲೋಮೀಟರ್ ಕೊಡುತ್ತದೆ, ಅದನ್ನು ಒಪ್ಪಿಕೊಂಡೇ ತಗೊಂಡೆ. ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಹೇಳಿದಾಗ ನಾನೂ ಹೆದರಿದ್ದೆ. ಆದರೆ ಮಸ್ಟಾಂಗ್ ಮೊದಲಿನಿಂದಲೂ ಪೂರ್ತಿ ಹೊರಗಿನಿಂದ ಬರುತ್ತಿದ್ದ ಗಾಡಿ, ಇಲ್ಲಿನ ಕಾರ್ಖಾನೆಗೂ ಅದಕ್ಕೂ ಸಂಬಂಧ ಇಲ್ಲ. ಸರ್ವಿಸ್ ಈಗಲೂ ಆಗುತ್ತದೆ. ಆಯಿಲ್ ಫಿಲ್ಟರ್, ಬ್ರೇಕ್ ಪ್ಯಾಡ್ ಅಂಥವನ್ನು ನಾನು ಮೊದಲೇ ತರಿಸಿ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ.

ಎಲ್ಲಿ ಓಡಿಸುತ್ತೀರಿ ಅನ್ನುವುದಕ್ಕೆ ಉತ್ತರ ಮೊದಲೇ ಇರಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಿತಿ ಗಂಟೆಗೆ 100, ಉದ್ದಕ್ಕೂ ಕ್ಯಾಮೆರಾ. ನಾನು ಭಾನುವಾರ ಬೆಳಿಗ್ಗೆ ಐದೂವರೆಗೆ ಸಕಲೇಶಪುರದ ಕಡೆ ಹೊರಟು, ಒಂದು ಕಾಫಿ ಕುಡಿದು, ಎಂಟಕ್ಕೆ ಮನೆಗೆ ಬರುತ್ತೇನೆ. 80ರಲ್ಲೇ ಹೋಗುತ್ತೇನೆ. ಆ ಎಂಜಿನ್ ಸದ್ದಿಗೆ 80 ಸಾಕು. ನಿಜವಾಗಿ ವೇಗ ಬೇಕು ಅನ್ನಿಸಿದರೆ ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈಯಲ್ಲಿ, ಇಲ್ಲ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ಟ್ರ್ಯಾಕ್ ಇದೆ. ರಸ್ತೆಯಲ್ಲಿ ಬೇಡ, ದಯವಿಟ್ಟು.

ಸಾಲದ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿದೆ. 24 ಲಕ್ಷ ಸಾಲ ಮಾಡಿ ತಗೊಂಡರೆ ಪ್ರತಿ ಕಿಲೋಮೀಟರಿಗೂ ಲೆಕ್ಕ ಹಾಕುತ್ತೀರಿ, ಆಮೇಲೆ ಓಡಿಸಲ್ಲ. ಇನ್ನೆರಡು ವರ್ಷ ಕೂಡಿಡಿ. ಇಲ್ಲ ಅಂದರೆ 20–25 ಸಾವಿರ ಓಡಿದ, ವರ್ಷ ವರ್ಷ ಸರ್ವಿಸ್ ಆದ, ಕೆಎ ನಂಬರಿನ ಗಾಡಿ ಹುಡುಕಿ. ನನ್ನದನ್ನು ನಾನು 22 ಸಾವಿರ ಕಿಲೋಮೀಟರ್ ಓಡಿದ್ದಾಗ ತಗೊಂಡೆ. ಅಂಥದ್ದು ಕಡಿಮೆ ಬೆಲೆಗೆ ಸಿಗುತ್ತದೆ, ಏಕೆಂದರೆ ಎಲ್ಲರೂ 9,200ರ ಹಿಂದೆಯೇ ಓಡುತ್ತಿರುತ್ತಾರೆ.

ಇಷ್ಟೆಲ್ಲಾ ಕೇಳಿದ ಮೇಲೂ ಇದೇ ಬೇಕು ಅನ್ನಿಸಿದರೆ ಒಂದು ಕೆಲಸ ಮಾಡಿ. ಬೆಳಿಗ್ಗೆ ಏಳಕ್ಕೇ ಹೋಗಿ. "ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಮಾಲೀಕರಿಗೆ ಮೊದಲೇ ಹೇಳಿರಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟು ನೋಡಿ, ತಣ್ಣಗಿರಬೇಕು. ಆಮೇಲೆ ಸ್ಟಾರ್ಟ್ ಮಾಡೋಕೆ ಹೇಳಿ, ಮೊದಲ ಒಂದು ನಿಮಿಷ ಯಾರೂ ಮಾತಾಡದೆ ಕೇಳಿಸಿಕೊಳ್ಳಿ. ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಲ್ಲಿಗೆ ಕಳಿಸಿ, ನಾನೂ ಹುಬ್ಬಳ್ಳಿಯ ಅಣ್ಣನೂ ಕೇಳಿ ಹೇಳುತ್ತೇವೆ.