ಪದಚರ್ಚೆ: ಕತ್ತಲೆ ಕೋಣೆಯ ಬಾಟಲಿಗಳ ಮೇಲೆ ಬರೆಯಲು ಕನ್ನಡ ಪದಗಳು ಬೇಕಾಗಿವೆ

ಬದಿಯಡ್ಕದಿಂದ

ಮಾನ್ಯರೇ,

ಇಲ್ಲಿನ ಗ್ರಂಥಾಲಯವೊಂದರ ಹಿಂದಿನ ಕೋಣೆಯಲ್ಲಿ ಬರುವ ಭಾನುವಾರ ಹೈಸ್ಕೂಲು ಮಕ್ಕಳಿಗಾಗಿ ಹಳೆಯ ರೀಲು ಕ್ಯಾಮೆರಾಗಳ ಶಿಬಿರ ನಡೆಯಲಿದೆ. ಅಗ್ಫಾ ಕ್ಲಿಕ್ 3 ಕ್ಯಾಮೆರಾಕ್ಕೆ 120 ಅಳತೆಯ ಕಪ್ಪು ಬಿಳುಪು ಫಿಲ್ಮ್ ಹಾಕಿ, 12 ಪಟಗಳನ್ನು ತೆಗೆದು, ಅದೇ ಫಿಲ್ಮನ್ನು ಮಕ್ಕಳ ಕೈಯಿಂದಲೇ ಡೆವಲಪ್ ಮಾಡಿಸಿ ಕಾಗದದ ಮೇಲೆ ಪ್ರಿಂಟ್ ಹಾಕಿಸುವುದು ನಮ್ಮ ಯೋಜನೆ. ಬಾಗಿಲಿನ ಫಲಕ, ಬಾಟಲಿಗಳ ಚೀಟಿಗಳು ಎರಡು ಭಾಷೆಗಳಲ್ಲಿ ಇರಬೇಕು. ಮಲಯಾಳದ ಪ್ರತಿ ಸಿದ್ಧವಾಗಿದೆ. ಅದರಲ್ಲಿ ಕೋಣೆಗೆ ‘ಇರುಟ್ಟುಮುರಿ’ ಎಂದೂ ಡೆವಲಪ್ ಮಾಡುವುದಕ್ಕೆ ‘ಕಳುಗಲ್’ ಎಂದೂ ಬರೆದಿದ್ದಾರೆ. ಕನ್ನಡದ ಪ್ರತಿ ನನ್ನ ಹೊಣೆ, ಶುಕ್ರವಾರ ಸಂಜೆಯೊಳಗೆ ಅದು ಮುದ್ರಣಕ್ಕೆ ಹೋಗಬೇಕು.

ಕೋಣೆಯ ಹೆಸರು ಕಷ್ಟವಲ್ಲ. ಡೆವಲಪರ್, ಸ್ಟಾಪ್ ಬಾತ್, ಫಿಕ್ಸರ್ ಎಂಬ ಮೂರು ದ್ರಾವಣಗಳಿಗೆ ಮತ್ತು ಕೊನೆಯಲ್ಲಿ ಹರಿಸುವ ಬರಿಯ ನೀರಿಗೆ ಏನೆಂದು ಬರೆಯಬೇಕು? ಇದಲ್ಲದೆ ಕಾಫಿಯಿಂದ ಡೆವಲಪರ್ ತಯಾರಿಸುವ ಪ್ರಯೋಗವೊಂದಿದೆ. ಅದರ ಮಲಯಾಳ ಪಟ್ಟಿಯಲ್ಲಿ ‘ಅಲಕ್ಕುಕಾರಂ’ ಎಂಬ ಪದಾರ್ಥ ಬಂದಿದ್ದು, ಅದಕ್ಕೆ ‘ಸೋಡಾ ಪುಡಿ’ ಎಂದು ಬರೆದರೆ ಸಾಕೇ ಎಂಬುದನ್ನೂ ತಿಳಿಸಬೇಕಾಗಿ ವಿನಂತಿ.

ಪೆರ್ಲದಿಂದ

ಮಲಯಾಳಿಗಳು ‘ಕಳುಗಲ್’ ಎಂದು ಬರೆದಿರುವುದನ್ನು ನೋಡಿದ ಮೇಲೂ ತಾವು ಕನ್ನಡದ ಪದಕ್ಕಾಗಿ ಹುಡುಕುತ್ತಿರುವುದು ನನಗೆ ಆಶ್ಚರ್ಯ. ಅದೇ ಧಾತು ನಮ್ಮಲ್ಲಿಯೂ ಇದೆ. ಅವರ ‘ಕೞುಕುಕ’, ತಮಿಳರ ‘ಕೞುವು’, ನಮ್ಮ ಹಳಗನ್ನಡದ ‘ಕೞ್ಚು’ ಇವು ಮೂರೂ ಒಂದೇ ಬೇರಿನವು, ಮೂರಕ್ಕೂ ತೊಳೆಯುವುದೆಂದೇ ಅರ್ಥ. ೞಕಾರ ನಮ್ಮ ಬಾಯಿಂದ ಜಾರಿಹೋದಾಗ ‘ಕೞ್ತಲೆ’ ಎಂಬುದು ‘ಕರ್ತಲೆ’ಯಾಗಿ ಮುಂದೆ ‘ಕತ್ತಲೆ’ಯಾದಂತೆಯೇ ‘ಕೞ್ಚು’ ಎಂಬುದು ‘ಕರ್ಚು’ ಆಯಿತು. ಕತ್ತಲೆ ಕೋಣೆಯೊಳಗೆ ನಡೆಯುವ ಕೆಲಸಕ್ಕೆ ಕತ್ತಲೆಯ ಹಾಗೆಯೇ ೞಕಾರವನ್ನು ಕಳೆದುಕೊಂಡು ಬಂದ ಪದವೇ ಇರುವಾಗ ಬೇರೊಂದನ್ನು ಏಕೆ ಹುಡುಕಬೇಕು? ಡೆವಲಪರಿಗೆ ‘ಕರ್ಚುನೀರು’, ಸ್ಟಾಪ್ ಬಾತಿಗೆ ‘ತಡೆನೀರು’, ಫಿಕ್ಸರಿಗೆ ‘ನೆಲೆನೀರು’ ಎಂದು ಬರೆಯಿರಿ. ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಬರೆದ ಮಾತ್ರಕ್ಕೆ ಅದು ಕನ್ನಡವಾಗುವುದಿಲ್ಲ. ಗಡಿನಾಡಿನಲ್ಲಿ ಕನ್ನಡದ ಫಲಕ ಹಾಕಲು ಸಿಗುವ ಅವಕಾಶಗಳೇ ವಿರಳವಾಗಿರುವಾಗ ಅದರಲ್ಲಿಯೂ ಇಂಗ್ಲಿಷನ್ನೇ ತುಂಬುವುದು ಸರಿಯಲ್ಲ.

ಕುಂಬಳೆಯಿಂದ

ನಾನು ಬಹುಕಾಲ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ದುಡಿದವನು. ಬಾಟಲಿಯ ಮೇಲೆ ‘ಕರ್ಚುನೀರು’ ಎಂದು ಬರೆದರೆ ಈ ಊರಿನ ಯಾವ ಮಗುವೂ ಅದನ್ನು ತೊಳೆಯುವ ನೀರೆಂದು ಓದುವುದಿಲ್ಲ; ದುಡ್ಡಿನ ಖರ್ಚು ಎಂದೇ ಓದುತ್ತದೆ. ಅದು ಚಿಕ್ಕ ತೊಂದರೆ. ಅದಕ್ಕಿಂತ ದೊಡ್ಡ ತೊಂದರೆ ತೊಳೆಯುವುದು ಎಂಬ ಅರ್ಥದಲ್ಲಿಯೇ ಇದೆ.

‘ರೀಲು ತೊಳೆಯುವುದು’ ಎಂಬುದು ನಮ್ಮ ಸ್ಟುಡಿಯೋಗಳ ಮಾತೇ ಹೌದು. ಆದರೆ ಅದು ಗಿರಾಕಿಯೊಡನೆ ಆಡುವ ಮಾತು, ಇಡೀ ಕೆಲಸಕ್ಕೆ ಒಟ್ಟಾಗಿ ಹೇಳುವ ಮಾತು. ಒಳಗೆ ಟ್ಯಾಂಕ್, ಅಂದರೆ ಫಿಲ್ಮಿಗೆ ಬೆಳಕು ತಾಗದಂತೆ ಮುಚ್ಚಿಡುವ ಡಬ್ಬಿ, ಹಿಡಿದು ನಿಂತವನಿಗೆ ಆ ಪದ ಸಾಲದು. ಡೆವಲಪರಿನಲ್ಲಿ ಏನೂ ತೊಳೆದುಹೋಗುವುದಿಲ್ಲ. ಬೆಳಕು ಬಿದ್ದ ಬೆಳ್ಳಿಯ ಲವಣದ ಕಣಗಳು ಅಲ್ಲಿ ಕಪ್ಪು ಬೆಳ್ಳಿಯಾಗಿ ಬದಲಾಗುತ್ತವೆ, ಕಣ್ಣಿಗೆ ಕಾಣದೆ ಅಡಗಿದ್ದ ಚಿತ್ರ ಮೂಡುತ್ತದೆ. ಸ್ಟಾಪ್ ಬಾತ್ ಎಂದರೆ ಅಸಿಟಿಕ್ ಆಮ್ಲ ಬೆರೆಸಿದ ತೆಳುವಾದ ಹುಳಿನೀರು. ಡೆವಲಪರಿನ ಕ್ಷಾರಗುಣವನ್ನು ಅದು ಮುರಿಯುವುದರಿಂದ ಮೂಡುವ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಬೆಳಕು ಬೀಳದೆ ಉಳಿದ ಲವಣವನ್ನು ಕರಗಿಸಿ ತೆಗೆಯುವುದು ಫಿಕ್ಸರು. ಇವೆಲ್ಲ ಆದ ಮೇಲೆ ಹರಿಯುವ ನೀರಿನಲ್ಲಿ ಮಾಡುವುದು ಮಾತ್ರ ನಿಜವಾದ ತೊಳೆಯುವಿಕೆ. ಅದು ಸಾಲದೆ ಫಿಕ್ಸರಿನ ಅಂಶ ಉಳಿದರೆ ಪಟವು ವರ್ಷಗಳು ಕಳೆದಂತೆ ಹಳದಿಯಾಗಿ ಮಾಸುತ್ತದೆ.

ಮೊದಲ ಮತ್ತು ಕೊನೆಯ ಹಂತಗಳೆರಡನ್ನೂ ತೊಳೆಯುವುದೆಂದೇ ಕರೆದರೆ, ‘ತೊಳೆದಾಯಿತೇ?’ ಎಂಬ ಪ್ರಶ್ನೆಗೆ ‘ಆಯಿತು’ ಎಂದ ಮಗು ಟ್ಯಾಂಕಿನ ಮುಚ್ಚಳ ತೆರೆದುಬಿಡಬಹುದು. ಫಿಕ್ಸರು ಕಾಣದ ಫಿಲ್ಮಿಗೆ ಬೆಳಕು ತಾಗಿದರೆ ಆ 12 ಪಟಗಳು ಮತ್ತೆ ಸಿಗುವುದಿಲ್ಲ. ಆದುದರಿಂದ ‘ತೊಳೆ’ ಎಂಬುದನ್ನು ಕೊನೆಯ ನೀರಿಗೆ ಮೀಸಲಿಡಿ. ಡೆವಲಪರಿಗೆ ‘ಮೂಡಿಸುವ ದ್ರಾವಣ’ ಎನ್ನಿ. ಫಿಕ್ಸರನ್ನು ನಾವೆಲ್ಲರೂ ಹೈಪೋ ಎಂದೇ ಕರೆದವರು, ಹಾಗೆಯೇ ಬರೆಯಿರಿ.

ಪೆರ್ಲದಿಂದ

‘ಖರ್ಚು’ ಅರಬ್ಬಿ ಮೂಲದಿಂದ ಪಾರಸಿಯ ಮೂಲಕ ಬಂದ ಪದ. ಬಂದ ಪದಕ್ಕೆ ಹೆದರಿ ಇದ್ದ ಪದವನ್ನು ಬಿಡಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ.

‘ಮೂಡು’ ಎಂದರೆ ಈ ಜಿಲ್ಲೆಯಲ್ಲಿ ಮೊದಲು ನೆನಪಾಗುವುದು ಪೂರ್ವ ದಿಕ್ಕು. ಆಸ್ತಿಯ ಪತ್ರಗಳನ್ನು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೈಪೋ ಎಂಬುದು ಇಂಗ್ಲಿಷಿನಲ್ಲಿಯೇ ತಪ್ಪು ಹೆಸರು. ಬೆಳ್ಳಿಯ ಲವಣವನ್ನು ಕರಗಿಸುವ ಈ ಲವಣಗಳ ಗುಣವನ್ನು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷಲ್ 1819ರಲ್ಲಿ ಕಂಡುಕೊಂಡಾಗ ಅವುಗಳನ್ನು ಹೈಪೊಸಲ್ಫೈಟ್ ಎಂದು ಕರೆಯುತ್ತಿದ್ದರು. ರಸಾಯನಶಾಸ್ತ್ರವು ಆ ಹೆಸರನ್ನು ಮುಂದೆ ಬೇರೆ ಲವಣಕ್ಕೆ ಕೊಟ್ಟು ಇದನ್ನು ಥಯೋಸಲ್ಫೇಟ್ ಎಂದು ತಿದ್ದಿಕೊಂಡಿತು. ಅವರೇ ಕೈಬಿಟ್ಟ ಹೆಸರಿನ ತುಂಡೊಂದನ್ನು ನಾವು ಕನ್ನಡವೆಂದು ಕಾಪಾಡಬೇಕೇ? ಇದಕ್ಕಿಂತ ಹೆಚ್ಚು ಹೇಳುವುದು ನನಗೆ ಇಷ್ಟವಿಲ್ಲ.

ಮಂಜೇಶ್ವರದಿಂದ

ಪೆರ್ಲದವರ ಶಬ್ದಮೂಲ ಸರಿಯಾಗಿಯೇ ಇದೆ, ಆದರೆ ಚೀಟಿಯನ್ನು ಓದುವವರು ಮಕ್ಕಳು. ನಾನು ರಸಾಯನಶಾಸ್ತ್ರವನ್ನು ಕಲಿಸುವವಳಾದುದರಿಂದ, ಇಬ್ಬರೂ ಗಮನಿಸದೆ ಬಿಟ್ಟ ಸೋಡಾದ ವಿಷಯವನ್ನು ಎತ್ತಿಕೊಳ್ಳುತ್ತೇನೆ. ಪ್ರಯೋಗ ಕೆಡುವುದಿದ್ದರೆ ಅದು ಆ ಪದದಿಂದಲೇ ಕೆಡುತ್ತದೆ.

ಕಾಫಿಯ ಡೆವಲಪರ್ 1995ರಲ್ಲಿ ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ತರಗತಿಯೊಂದರಲ್ಲಿ ರೂಪುಗೊಂಡಿತು. ಇಂದು ಮನೆಗಳಲ್ಲಿ ಹೆಚ್ಚಾಗಿ ಬಳಸುವ ಪಾಕವೊಂದರಲ್ಲಿ ಒಂದು ಲೀಟರ್ ನೀರಿಗೆ 54 ಗ್ರಾಂ ನೀರಿನಂಶವಿಲ್ಲದ ಸೋಡಿಯಂ ಕಾರ್ಬೊನೇಟ್, 16 ಗ್ರಾಂ ವಿಟಮಿನ್ ಸಿ, 40 ಗ್ರಾಂ ಇನ್‌ಸ್ಟಂಟ್ ಕಾಫಿ ಪುಡಿ ಇರುತ್ತವೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 15 ನಿಮಿಷ ಬೇಕು. ಚಿತ್ರವನ್ನು ಮೂಡಿಸುವುದು ಕಾಫಿಯಲ್ಲಿರುವ ಕೆಫೀಕ್ ಆಮ್ಲವೇ ಹೊರತು ಕೆಫೀನ್ ಅಲ್ಲ. ಆ ಆಮ್ಲವೂ ವಿಟಮಿನ್ ಸಿಯೂ ಕೆಲಸ ಮಾಡಬೇಕಾದರೆ ದ್ರಾವಣವು ಪ್ರಬಲ ಕ್ಷಾರವಾಗಿರಬೇಕು. ಕಾರ್ಬೊನೇಟು ಅದನ್ನು ಒದಗಿಸುತ್ತದೆ, ಬೈಕಾರ್ಬೊನೇಟು ಒದಗಿಸುವುದಿಲ್ಲ. ನಮ್ಮ ಅಂಗಡಿಯಲ್ಲಿ ‘ಸೋಡಾ ಪುಡಿ’ ಎಂದು ಕೇಳಿದರೆ ದೋಸೆ, ಬನ್ಸ್‌ಗಳಿಗೆ ಹಾಕುವ ಬೈಕಾರ್ಬೊನೇಟನ್ನೇ ಕಟ್ಟಿಕೊಡುತ್ತಾರೆ. ಅದನ್ನು ಹಾಕಿದರೆ ಫಿಲ್ಮ್ ಬಹುಪಾಲು ಖಾಲಿಯಾಗಿಯೇ ಹೊರಬರುತ್ತದೆ.

ಮಲಯಾಳ ಈ ಎರಡನ್ನೂ ಒಂದೇ ಬೇರಿನಿಂದ ಸ್ಪಷ್ಟವಾಗಿ ಬೇರ್ಪಡಿಸಿದೆ. ಅಪ್ಪಕ್ಕೆ ಹಾಕುವುದು ಅಪ್ಪಕ್ಕಾರಂ, ಬಟ್ಟೆ ಅಲಕ್ಕುವುದಕ್ಕೆ, ಅಂದರೆ ಒಗೆಯುವುದಕ್ಕೆ ಬಳಸುವುದು ಅಲಕ್ಕುಕಾರಂ. ಈ ‘ಕಾರ’ ಸಂಸ್ಕೃತದ ‘ಕ್ಷಾರ’ದಿಂದ ಬಂದುದು. ಅದು ಕನ್ನಡಕ್ಕೆ ಹೊಸತಲ್ಲ; ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರದಲ್ಲಿ ಇರುವುದು ಅದೇ ಕಾರ. ಬಿಳಿಗಾರವೆಂದರೆ ಬೊರಾಕ್ಸ್. ಕೊಡಕ್ ಸಂಸ್ಥೆಯ ಹೆಸರಾಂತ ಡಿ-76 ಡೆವಲಪರಿನ ಮೂಲ ಪಾಕದಲ್ಲಿ ಲೀಟರಿಗೆ 2 ಗ್ರಾಂ ಬೊರಾಕ್ಸ್ ಇದೆ ಎಂಬುದನ್ನು ತಿಳಿದಾಗ ನನಗೆ ನಿಜವಾಗಿಯೂ ಸಂತೋಷವಾಯಿತು, ಏಕೆಂದರೆ ಕತ್ತಲೆ ಕೋಣೆಯ ಒಂದು ಪದಾರ್ಥಕ್ಕಾದರೂ ನಮ್ಮ ಕಸುಬುದಾರರೇ ಇಟ್ಟ ಹೆಸರು ಮೊದಲಿನಿಂದ ಸಿದ್ಧವಾಗಿದೆ.

ಹಾಗೆಂದು ‘ಅಲಕ್ಕುಕಾರ’ವನ್ನು ಹಾಗೆಯೇ ತೆಗೆದುಕೊಳ್ಳಲಾಗದು, ಕನ್ನಡದ ಮಕ್ಕಳಿಗೆ ಬಿಡಿಯಾದ ಕಾರವೆಂದರೆ ಮೆಣಸಿನ ಕಾರ. ಬಿಳಿಗಾರದ ಮಾದರಿಯಲ್ಲಿ ‘ಒಗೆಗಾರ’ ಎಂದು ಹೊಸದಾಗಿ ಕಟ್ಟಿದರೆ ಬಟ್ಟೆ ಒಗೆಯುವ ಮನುಷ್ಯನೆಂಬ ಅರ್ಥ ಬರುತ್ತದೆ. ‘ಒಗೆಯುವ ಸೋಡಾ’ ಎಂದು ಬರೆದು, ಅದರ ಕೆಳಗೆ ‘ಅಡುಗೆ ಸೋಡಾ ಅಲ್ಲ’ ಎಂದು ಅಷ್ಟೇ ದಪ್ಪ ಅಕ್ಷರಗಳಲ್ಲಿ ಸೇರಿಸಿ. ಹರಳಿನ ರೂಪದ ಸೋಡಾ ದೊರೆತರೆ ಅದರಲ್ಲಿ ನೀರಿನಂಶ ಇರುವುದರಿಂದ ಸುಮಾರು 2.7 ಪಟ್ಟು ತೂಕ ಬೇಕಾಗುತ್ತದೆ.

ಸಾಲದ ಪದಗಳ ವಿಚಾರದಲ್ಲಿ ನನ್ನದೊಂದು ಮಾತಿದೆ. ‘ದ್ರಾವಣ’, ‘ಕ್ಷಾರ’, ‘ಆಮ್ಲ’ ಇವು ಸಂಸ್ಕೃತದಿಂದ ಬಂದವು, ಪೆರ್ಲದವರು ಬಿಡದೆ ಬಳಸುವ ‘ಧಾತು’ ಕೂಡ ಅಲ್ಲಿಂದಲೇ ಬಂದುದು. ಪದ ಎಲ್ಲಿಂದ ಬಂತೆಂಬುದಕ್ಕಿಂತ ಅದು ಒಂದು ಬಾಟಲಿಯನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆಯೇ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ಪೆರ್ಲದಿಂದ

ಸಂಸ್ಕೃತದ ಸಾಲಕ್ಕೆ ಸಾವಿರಾರು ವರ್ಷಗಳ ಬಾಳುವೆಯಿದೆ. ಅದನ್ನು ಇಂಗ್ಲಿಷಿನ ಸಾಲದೊಡನೆ ತೂಗಬಾರದು. ‘ತಡೆನೀರು’ ಎಂಬುದಕ್ಕೆ ಯಾರೂ ಆಕ್ಷೇಪ ಹೇಳಿಲ್ಲ ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ಬದಿಯಡ್ಕದಿಂದ

ಎಲ್ಲರಿಗೂ ಕೃತಜ್ಞತೆಗಳು. ಚೀಟಿಗಳನ್ನು ಹೀಗೆ ಬರೆಯಿಸುತ್ತಿದ್ದೇನೆ. ಮೊದಲ ಬಾಟಲಿಗೆ ‘ಚಿತ್ರ ಮೂಡಿಸುವ ದ್ರಾವಣ’. ಹಿಂದೆ ‘ಚಿತ್ರ’ ಎಂಬ ಪದವಿರುವಾಗ ದಿಕ್ಕಿನ ಗೊಂದಲ ಬರಲಾರದು. ಎರಡನೆಯದಕ್ಕೆ ಪೆರ್ಲದವರ ‘ತಡೆನೀರು’ ಎಂಬುದನ್ನೇ ಸಂತೋಷದಿಂದ ಸ್ವೀಕರಿಸಿದ್ದೇನೆ. ಮೂರನೆಯದಕ್ಕೆ ‘ನೆಲೆನೀರು’ ಸುಂದರವಾದ ಪದವಾದರೂ ಅಂಗಡಿಯಿಂದ ಬಂದ ಪೊಟ್ಟಣದ ಮೇಲೆ ಹೈಪೋ ಎಂದೇ ಇರುವುದರಿಂದ, ಪೊಟ್ಟಣಕ್ಕೂ ಬಾಟಲಿಗೂ ಹೆಸರು ಬೇರೆಯಾಗುವುದನ್ನು ನಾನು ಬಯಸುವುದಿಲ್ಲ. ನಾಲ್ಕನೆಯದು ‘ತೊಳೆಯುವ ನೀರು’. ಸೋಡಾದ ಚೀಟಿ ಮಂಜೇಶ್ವರದ ಟೀಚರ್ ಹೇಳಿದಂತೆಯೇ ಇರುತ್ತದೆ.

ಬಾಗಿಲಿನದು ಇನ್ನೂ ಉಳಿದಿದೆ. ಕೋಣೆಯ ಒಳಗೆ ಪ್ರಿಂಟ್ ಹಾಕುವಾಗ ಬಳಸುವ ಕೆಂಪು ದೀಪವಿದೆ, ಬಾಗಿಲ ಹೊರಗೆ ಎಚ್ಚರಿಕೆಗಾಗಿ ಇನ್ನೊಂದು ಕೆಂಪು ದೀಪವಿದೆ. ‘ಕೆಂಪು ದೀಪ ಉರಿಯುವಾಗ ಬಾಗಿಲು ತೆರೆಯಬಾರದು’ ಎಂದು ಬರೆದರೆ ಒಳಗಿರುವ ಮಗು ಯಾವ ದೀಪವೆಂದು ತಿಳಿಯಬೇಕು? ಒಳಗಿನ ದೀಪಕ್ಕೆ ‘ಅಭಯದೀಪ’ ಎಂಬ ಸಲಹೆಯನ್ನು ಒಬ್ಬರು ಫೋನಿನಲ್ಲಿ ಕೊಟ್ಟಿದ್ದಾರೆ.

ಕುಂಬಳೆಯಿಂದ

‘ಅಭಯದೀಪ’ ಬೇಡ. ಆ ದೀಪ ಅಭಯ ಕೊಡುವುದು ಪ್ರಿಂಟಿನ ಕಾಗದಕ್ಕೆ ಮಾತ್ರ, ಏಕೆಂದರೆ ಆ ಕಾಗದಕ್ಕೆ ಕೆಂಪು ಬೆಳಕು ಕಾಣಿಸುವುದಿಲ್ಲ. ಈಗ ದೊರೆಯುವ ಕಪ್ಪು ಬಿಳುಪು ಫಿಲ್ಮುಗಳಲ್ಲಿ ಹೆಚ್ಚಿನವು ಕೆಂಪನ್ನೂ ಗ್ರಹಿಸುತ್ತವೆ. ಹೆಸರನ್ನು ನಂಬಿದ ಮಗು ಅದರ ಬೆಳಕಿನಲ್ಲಿ ಫಿಲ್ಮನ್ನು ಬಿಚ್ಚಿದರೆ ಇಡೀ ರೀಲು ಕಪ್ಪಾಗುತ್ತದೆ. ಒಳಗಿನದಕ್ಕೆ ‘ಕಾಗದದ ಕೆಂಪು ದೀಪ’ ಎಂದು ಬರೆದು, ಅದರ ಸ್ವಿಚ್ಚಿನ ಪಕ್ಕದಲ್ಲಿ ‘ಫಿಲ್ಮನ್ನು ಟ್ಯಾಂಕಿಗೆ ಸೇರಿಸುವಾಗ ಇದನ್ನೂ ಆರಿಸಿ’ ಎಂದು ಅಂಟಿಸಿ. ಹೊರಗಿನ ದೀಪಕ್ಕೆ ಹೆಸರೇ ಬೇಕಾಗಿಲ್ಲ. ಅದರ ಕೆಳಗೆ ‘ಒಳಗೆ ಕೆಲಸ ನಡೆಯುತ್ತಿದೆ, ಬಾಗಿಲು ತೆರೆಯಬೇಡಿ’ ಎಂದಿದ್ದರೆ ಸಾಕು.